ಮೂಟೆ ಹೊರುವವರ ಅನ್ನದ ಲೆಕ್ಕ

ನಮ್ಮ ಮನೆಯೆದುರು ಕೆಲವು ತಿಂಗಳಿಂದ ಬಹುಮಹಡಿ ಕಟ್ಟಡವೊಂದು ಏಳುತ್ತಿದೆ. ರಾಯಚೂರು, ಯಾದಗಿರಿ ಕಡೆಯಿಂದ ಬಂದ ದಂಪತಿಗಳು ಅಲ್ಲಿ ದುಡಿಯುತ್ತಾರೆ. ಗಂಡಸರು 50 ಕಿಲೋ ತೂಕದ ಸಿಮೆಂಟ್ ಮೂಟೆ ಹೊತ್ತು ಮೆಟ್ಟಿಲು ಹತ್ತಿದರೆ, ಹೆಂಗಸರು ಬಾಂಡಲಿಯಲ್ಲಿ ಜಲ್ಲಿ, ಮರಳು ಸಾಗಿಸುತ್ತಾರೆ. ‘ಕಡ್ಡಿಯಂತಿದ್ದರೂ ಎಷ್ಟು ಗಟ್ಟಿ ನೋಡಿ’ ಎಂದು ನೆರೆಯವರೊಬ್ಬರು ಮೆಚ್ಚುಗೆಯಿಂದ ಹೇಳಿದ್ದು ನನ್ನನ್ನು ಕಾಡುತ್ತಿದೆ. ಕಡ್ಡಿಯಂಥ ಮೈ ಗಟ್ಟಿತನದ ಗುರುತೇ, ಅರೆಹೊಟ್ಟೆಯ ಗುರುತೇ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಅಂದಾಜಿನಂತೆ, 65 ಕಿಲೋ ತೂಕದ ಪುರುಷ ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ 2110 ಕ್ಯಾಲರಿ ಸಾಕು. ಮಧ್ಯಮ ಶ್ರಮಕ್ಕೆ 2710, ಕಠಿಣ ಶ್ರಮಕ್ಕೆ 3470 ಬೇಕು. 55 ಕಿಲೋ ತೂಕದ ಮಹಿಳೆಗೆ ಈ ಅಂಕಿಗಳು ಕ್ರಮವಾಗಿ 1660, 2130 ಮತ್ತು 2720.

ಈ ಅಗತ್ಯ ಪೂರೈಸದಿದ್ದರೆ ದೇಹ ತನ್ನನ್ನೇ ತಿನ್ನತೊಡಗುತ್ತದೆ. ಕೊಬ್ಬಿನ ಸಂಗ್ರಹ ಅಲ್ಪವಾಗಿದ್ದವರಲ್ಲಿ ಸ್ನಾಯು ಬೇಗ ಸವೆಯುತ್ತದೆ. ತಿಂದ ಬೇಳೆಯ ಪ್ರೋಟೀನ್ ಕೂಡ ಸ್ನಾಯು ಕಟ್ಟುವ ಬದಲು ಉರುವಲಾಗುತ್ತದೆ. 1945ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, 36 ಸ್ವಯಂಸೇವಕರಿಗೆ 24 ವಾರ ಅರೆಹೊಟ್ಟೆಯ ಆಹಾರ ನೀಡಿ ಪರೀಕ್ಷಿಸಿದರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ದುಡಿಯುವ ಶಕ್ತಿ ಅದಕ್ಕಿಂತಲೂ ಹೆಚ್ಚು ಕುಸಿಯಿತು.

ನಮ್ಮ ವೇತನ ನೀತಿ ಈ ವಿಜ್ಞಾನಕ್ಕೆ ಕಿವಿಗೊಟ್ಟಿದೆಯೇ? ಕನಿಷ್ಠ ವೇತನದ ಅಡಿಪಾಯ 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದ ಸೂತ್ರ. ಕೂನೂರಿನ ಪೌಷ್ಟಿಕ ಸಂಶೋಧನಾಲಯದ ನಿರ್ದೇಶಕರಾಗಿದ್ದ ಡಾ. ಆಕ್ರಾಯ್ಡ್ ಸೂಚಿಸಿದ್ದ 2700 ಕ್ಯಾಲರಿಯನ್ನು ಅದು ಒಪ್ಪಿಕೊಂಡಿತು. ಅದು ಮಧ್ಯಮ ಶ್ರಮದವರ ಅಳತೆ. ವೇತನ ಸಂಹಿತೆಯ 2020ರ ಕರಡು ನಿಯಮಗಳಲ್ಲೂ ಅದೇ 2700 ಉಳಿಯಿತು. 2019ರಲ್ಲಿ ಅನೂಪ್ ಸತ್ಪತಿ ಸಮಿತಿಯಂತೂ ಅದನ್ನು 2400ಕ್ಕೆ ಇಳಿಸಲು ಶಿಫಾರಸು ಮಾಡಿತ್ತು. ಕುಳಿತು ದುಡಿಯುವವರು ಹೆಚ್ಚಿದ್ದಾರೆ, ಸರಾಸರಿ ಅಗತ್ಯ ಇಳಿದಿದೆ ಎಂಬ ವಾದದಲ್ಲಿ ಹುರುಳಿರಬಹುದು. ಆದರೆ ಸರಾಸರಿ ಮೂಟೆ ಹೊರುವುದಿಲ್ಲ. ಹೊರುವವನಿಗೆ ಇನ್ನೂ 770 ಕ್ಯಾಲರಿ, ಅಂದರೆ ಕಾಲು ಕಿಲೋಗೆ ತುಸು ಕಡಿಮೆ ಜೋಳದ ಹಿಟ್ಟಿನಷ್ಟು ಆಹಾರ, ದಿನವೂ ಬೇಕು.

ಸೂತ್ರದ ಇನ್ನೊಂದು ದೋಷ ಹೆಂಗಸರ ಲೆಕ್ಕದ್ದು. ಕುಟುಂಬವನ್ನು ಮೂರು ಘಟಕಗಳೆಂದು ಎಣಿಸುವಾಗ ದುಡಿಯುವ ಗಂಡಸಿಗೆ 1, ಹೆಂಡತಿಗೆ 0.8, ಇಬ್ಬರು ಮಕ್ಕಳಿಗೆ ತಲಾ 0.6. ಹೆಂಡತಿಯ ಪಾಲು 2160 ಕ್ಯಾಲರಿ. ಜಲ್ಲಿ ಹೊರುವವಳಿಗೆ ಬೇಕಾದುದು 2720. ಆಕೆ ಮನೆಯಲ್ಲೇ ಇರುತ್ತಾಳೆಂಬ ಊಹೆಯ ಬೆಲೆಯನ್ನು ಆಕೆಯ ಮೈ ತೆರುತ್ತಿದೆ. ಪಡಿತರವಿದೆಯಲ್ಲ ಎನ್ನಬಹುದು. ಆಹಾರ ಭದ್ರತಾ ಕಾಯ್ದೆಯಂತೆ ತಲೆಗೆ ತಿಂಗಳಿಗೆ ಸಿಗುವ 5 ಕಿಲೋ ಧಾನ್ಯದಿಂದ ದಿನಕ್ಕೆ 600 ಕ್ಯಾಲರಿಯೂ ದಕ್ಕದು.

ಕಠಿಣ ಶ್ರಮದ ಉದ್ಯೋಗಗಳಿಗೆ ಪ್ರತ್ಯೇಕ ಆಹಾರ ಮಾನದಂಡ ಬೇಕು. ದುಡಿಯುವ ಮಹಿಳೆಯನ್ನು ದುಡಿಯುವವಳೆಂದೇ ಎಣಿಸಬೇಕು. ನಿರ್ಮಾಣ ವೆಚ್ಚದ ಮೇಲೆ ಶೇಕಡ 1ರಷ್ಟು ಸೆಸ್ ಸಂಗ್ರಹವಾಗುತ್ತಿದೆ. ಆ ಹಣದಲ್ಲಿ ಕೆಲಸದ ಸ್ಥಳದಲ್ಲೇ ರೊಟ್ಟಿ, ಬೇಳೆ, ಮೊಟ್ಟೆಯ ಊಟ ಒದಗಿಸುವುದು ಅಸಾಧ್ಯವೇನಲ್ಲ. ನಮ್ಮ ಮನೆಗಳನ್ನು ಕಟ್ಟುವವರ ಮೈಕಟ್ಟನ್ನು ಮೆಚ್ಚುವ ಮೊದಲು ನಾವು ಅವರ ಬುತ್ತಿಯನ್ನೊಮ್ಮೆ ನೋಡಬೇಕು.