ಗಂಡಾಮೆ, ಹೆಣ್ಣಾಮೆ, ನಡುವೆ ಒಂದು ಹಲಗೆ

ಆಮೆಯಷ್ಟು ಸಾಧುಪ್ರಾಣಿ ಇನ್ನೊಂದಿಲ್ಲ ಎಂದುಕೊಂಡವರು ಏಪ್ರಿಲ್ ತಿಂಗಳಲ್ಲಿ ಹರ್ಮನ್ ಆಮೆ ಸಾಕಿದವರ ಹಿತ್ತಿಲಿಗೆ ಒಮ್ಮೆ ಹೋಗಿ ನೋಡಬೇಕು. ಇಟಲಿ, ಗ್ರೀಸ್, ಬಾಲ್ಕನ್ ಸೀಮೆಯ ಕುರುಚಲು ಕಾಡಿನ ಈ ಆಮೆಯನ್ನು ಬ್ರಿಟನ್, ಜರ್ಮನಿಗಳಲ್ಲಿ ಜನ ದಶಕಗಳಿಂದ ಸಾಕುತ್ತ ಬಂದಿದ್ದಾರೆ. ಚಳಿಗಾಲದ ನಿದ್ದೆಯಿಂದ ಎದ್ದ ಗಂಡು ಹೊಟ್ಟೆಗೆ ನಾಲ್ಕೆಲೆ ಹಾಕಿಕೊಳ್ಳುವ ಮೊದಲೇ ಹೆಣ್ಣಿನ ಬೆನ್ನು ಹತ್ತುತ್ತದೆ. ಚಿಪ್ಪಿಗೆ ಚಿಪ್ಪು ಗುದ್ದುತ್ತದೆ, ಕಾಲು ಕಚ್ಚುತ್ತದೆ, ಹೆಣ್ಣು ಸುಸ್ತಾಗಿ ನಿಂತೊಡನೆ ಹಿಂದಿನಿಂದ ಮೇಲೇರುತ್ತದೆ. ಗಂಡಿನ ಬಾಲದ ತುದಿಯಲ್ಲಿ ಗಟ್ಟಿ ಉಗುರಿನಂಥದ್ದೊಂದು ಮುಳ್ಳಿದೆ; ಅದು ಮತ್ತೆ ಮತ್ತೆ ಚುಚ್ಚಿ ಹೆಣ್ಣಿನ ಬಾಲದ ಸುತ್ತ ಗಾಯವಾಗುವುದುಂಟು. ಬೇಸಿಗೆಯಲ್ಲಿ ಅಂಥ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಹುಳ ಬೀಳಲು ಹೆಚ್ಚು ಹೊತ್ತು ಬೇಡ.

ಹಾಗಾದರೆ ಇವನ್ನು ಒಟ್ಟಿಗೆ ಇಡಬೇಕೇ, ಬೇರೆ ಮಾಡಬೇಕೇ? ಸಾಕಿದವರಲ್ಲಿ ಈ ಬಗ್ಗೆ ಒಮ್ಮತವಿಲ್ಲ.

ಒಟ್ಟಿಗಿರಲಿ ಎನ್ನುವವರ ಮೊದಲ ಮಾತು, ಅದು ಅವುಗಳ ಹುಟ್ಟುಗುಣ, ಕಾಡಿನಲ್ಲೂ ನಡೆಯುವುದು ಇದೇ ಎಂಬುದು. ಮಾತು ಸುಳ್ಳಲ್ಲ. ಆದರೆ ಕಾಡಿನಲ್ಲಿ ಹೆಣ್ಣಿಗೆ ದೂರ ಹೋಗಿಬಿಡುವ ಅವಕಾಶವಿದೆ. ಪೊದೆಯೊಳಗೆ ನುಸುಳಿ ತಪ್ಪಿಸಿಕೊಂಡರೆ ಆ ದಿನದ ಕಾಟ ಮುಗಿಯಿತು. ಆ ಅವಕಾಶ ತಪ್ಪಿದರೆ ಏನಾಗುತ್ತದೆಂದು ತಿಳಿಯಲು ಹಿತ್ತಿಲಿಗೇ ಬರಬೇಕಿಲ್ಲ. ಉತ್ತರ ಮ್ಯಾಸಿಡೋನಿಯದ ಪ್ರೆಸ್ಪಾ ಸರೋವರದಲ್ಲಿ ಗೋಲೆಮ್ ಗ್ರಾದ್ ಎಂಬ ಸಣ್ಣ ದ್ವೀಪವಿದೆ. ಅಲ್ಲಿ ಹರ್ಮನ್ ಆಮೆಗಳು ಕಿಕ್ಕಿರಿದಿವೆ, ಗಂಡುಗಳ ಸಂಖ್ಯೆ ಹೆಣ್ಣುಗಳನ್ನು ಎಷ್ಟೋ ಪಟ್ಟು ಮೀರಿದೆ. ಹೆಣ್ಣುಗಳು ಗಾಯಗೊಂಡು ಸೊರಗಿವೆ, ಬೆನ್ನಟ್ಟಿದ ಗಂಡುಗಳಿಂದಾಗಿ ದ್ವೀಪದಂಚಿನ ಬಂಡೆಯಿಂದ ಉರುಳಿ ಬೀಳುತ್ತವೆ ಎಂದು ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ವಿಜ್ಞಾನಿಗಳು ದಾಖಲಿಸಿದ್ದಾರೆ. ಪ್ರಕೃತಿಯ ಹೆಸರು ಹೇಳಿ ಸುಮ್ಮನಿರುವವರು ಈ ದ್ವೀಪವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹತ್ತಡಿ ಉದ್ದದ ಆವರಣದಲ್ಲಿ ಕೂಡಿಟ್ಟ ಜೋಡಿಯ ಸ್ಥಿತಿ ಕಾಡಿಗಿಂತ ಆ ದ್ವೀಪಕ್ಕೇ ಹತ್ತಿರ.

ಅವರ ಎರಡನೆಯ ಮಾತನ್ನು ಮಾತ್ರ ಇಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಗಂಡಿನ ಸಹವಾಸವಿಲ್ಲದ ಹೆಣ್ಣಿನಲ್ಲೂ ಮೊಟ್ಟೆ ತಯಾರಾಗುತ್ತದೆ. ಕೆಲವೊಮ್ಮೆ ಅಂಡಾಶಯದಲ್ಲಿ ಬೆಳೆದ ಕೋಶಗಳು ಬಿಡುಗಡೆಯೂ ಆಗದೆ, ಕರಗಿಯೂ ಹೋಗದೆ ಹಾಗೆಯೇ ನಿಂತುಬಿಡುತ್ತವೆ. ಹೆಣ್ಣು ಮೇವು ಬಿಟ್ಟು ಮಂಕಾಗುತ್ತದೆ. ಕೊನೆಗೆ ಶಸ್ತ್ರಚಿಕಿತ್ಸೆಯೇ ಗತಿಯಾಗುವುದುಂಟು. ಬಿಸಿಲಿನ ಕೊರತೆ, ತಪ್ಪು ಆಹಾರ, ಮೊಟ್ಟೆಯಿಡಲು ಸರಿಯಾದ ಮಣ್ಣಿಲ್ಲದಿರುವುದು, ಇವುಗಳ ಜೊತೆಗೆ ಗಂಡು ಇಲ್ಲದಿರುವುದೂ ಒಂದು ಕಾರಣವಿರಬಹುದು ಎಂದು ಕೆಲವು ಸರೀಸೃಪ ವೈದ್ಯರು ಶಂಕಿಸುತ್ತಾರೆ. ಆದರೆ ಇದೇ ವಾದಕ್ಕೆ ಇನ್ನೊಂದು ಮಗ್ಗುಲೂ ಇದೆ. ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಂಡು ಜಾಗ ಹುಡುಕಿ ನೆಲ ಕೆದಕುವ ಹೆಣ್ಣಿನ ಹಿಂದೆ ಗಂಡು ಬಿದ್ದರೆ ಅದು ಮೊಟ್ಟೆಯಿಡದೆ ತಡೆಹಿಡಿಯಬಹುದು, ಅದೂ ಪ್ರಾಣಕ್ಕೆ ಅಪಾಯ. ಗಂಡು ಬೇಕೆಂದೇ ಇಟ್ಟುಕೊಂಡರೂ ಅದು ವರ್ಷವಿಡೀ ಜೊತೆಗಿರಬೇಕಿಲ್ಲ. ಹೆಣ್ಣಾಮೆ ಒಮ್ಮೆ ಪಡೆದ ವೀರ್ಯವನ್ನು ವರ್ಷಗಟ್ಟಲೆ ಒಡಲಲ್ಲಿಟ್ಟುಕೊಂಡು ಬಳಸಬಲ್ಲದು. ಬೇರೆ ಮಾಡಿ ಎರಡು ವರ್ಷವಾದ ಮೇಲೂ ಮರಿ ಹೊರಬಂದು ಮನೆಯವರು ಬೆಪ್ಪಾದರೆ ಆಶ್ಚರ್ಯವಿಲ್ಲ.

ಮೂರನೆಯ ವಾದ ಹಣದ್ದು. ಬ್ರಿಟನ್ನಿನ ಹವೆಯಲ್ಲಿ ಎರಡು ಆವರಣವೆಂದರೆ ಎರಡು ಶಾಖದ ದೀಪ, ಎರಡು ಮರದ ಗೂಡು, ಎರಡರಷ್ಟು ಕರೆಂಟ್ ಬಿಲ್. ಇದನ್ನು ಜಿಪುಣತನವೆಂದು ಹಗುರ ಮಾಡಬಾರದು. ಕೈಲಾಗದ ಮನೆಯಲ್ಲಿ ಎರಡನೆಯ ಆಮೆಯ ಪಾಲಿಗೆ ಮೂಲೆಯ ಪೆಟ್ಟಿಗೆಯೇ ಗತಿಯಾಗುತ್ತದೆ.

ಬೇರೆ ಮಾಡಿ ಎನ್ನುವವರ ಬಲ ಇರುವುದು ಆಮೆಯ ಸ್ವಭಾವದಲ್ಲೇ. ಇದು ಹಿಂಡಿನ ಪ್ರಾಣಿಯಲ್ಲ. ಒಂಟಿಯಾದರೆ ಪಾಪ, ಜೊತೆ ಬೇಕು ಎಂಬ ಮರುಕ ಸಾಕಿದವರದು, ಆಮೆಯದಲ್ಲ. ನನಗೆ ಈ ಮಾತು ಒಪ್ಪಿಗೆ. ಎಲ್ಲಕ್ಕಿಂತ ಕೆಟ್ಟ ಏರ್ಪಾಡು ಒಂದು ಗಂಡು, ಒಂದು ಹೆಣ್ಣು; ಪ್ರೀತಿಯಿಂದ ಜೋಡಿ ತಂದವರು ಸಿಕ್ಕಿಬೀಳುವುದು ಇಲ್ಲೇ. ಕಾಟವೆಲ್ಲ ಒಂದೇ ಜೀವದ ಮೇಲೆ ಬೀಳುತ್ತದೆ. ಗಂಡೊಂದಕ್ಕೆ ಮೂರ್ನಾಲ್ಕು ಹೆಣ್ಣು, ವಿಶಾಲ ಅಂಗಳ, ನೋಟ ತಪ್ಪಿಸುವ ಕಲ್ಲು ಪೊದೆಗಳಿದ್ದರೆ ಗುಂಪು ತಕ್ಕಮಟ್ಟಿಗೆ ನಡೆಯುತ್ತದೆ, ದಕ್ಷಿಣ ಯೂರೋಪಿನ ದೊಡ್ಡ ತೋಟಗಳಲ್ಲಿ ನಡೆದೂ ಇದೆ. ಎರಡು ಗಂಡಿದ್ದರೆ ಕಾದಾಟ. ಸೋತದ್ದು ಉರುಳಿ ಬೆನ್ನ ಮೇಲೆ ಬಿದ್ದು ಸುಡುಬಿಸಿಲಲ್ಲಿ ಸಿಕ್ಕಿಕೊಂಡರೆ ಸಾವು.

ಬೇರೆ ಮಾಡುವುದೆಂದರೆ ನಡುವೆ ಗಾಜನ್ನೋ ತಂತಿ ಜಾಲರಿಯನ್ನೋ ನಿಲ್ಲಿಸುವುದಲ್ಲ. ಹೆಣ್ಣು ಕಣ್ಣಿಗೆ ಬೀಳುತ್ತಿದ್ದರೆ ಗಂಡು ಅದೇ ಜಾಲರಿಗೆ ದಿನವಿಡೀ ಗುದ್ದುತ್ತ ಮೇವು ಮರೆಯಬಹುದು. ಮರದ ಹಲಗೆ ಬೇಕು, ಆಚೆ ಕಾಣದಂಥದು. ಬೆದೆಯ ಅಬ್ಬರ ತಗ್ಗಿದ ಮೇಲೆ ಬೇಕಾದರೆ ಕಣ್ಣೆದುರಿನಲ್ಲೇ ಸ್ವಲ್ಪ ಹೊತ್ತು ಬಿಟ್ಟು ನೋಡಬಹುದು. ಆಗ ಪರೀಕ್ಷಿಸಬೇಕಾದದ್ದು ಗಂಡಿನ ಆರ್ಭಟವನ್ನಲ್ಲ, ಹೆಣ್ಣಿನ ದಿನಚರಿಯನ್ನು: ಬಿಸಿಲಿಗೆ ಬರುತ್ತಿದೆಯೇ, ಮೇಯುತ್ತಿದೆಯೇ, ವಾರದ ತೂಕ ನಿಂತಿದೆಯೇ. ಗಾಯ ಕಂಡ ದಿನವೇ ಚರ್ಚೆ ಮುಗಿಯಿತು, ಬೇರೆ ಮಾಡಿ ಪಶುವೈದ್ಯರಿಗೆ ತೋರಿಸಬೇಕು.

ಎಲ್ಲ ಆಮೆಗೂ ಈ ಮಾತು ಒಂದೇ ತೂಕದಲ್ಲಿ ಅನ್ವಯಿಸದು. ನಮ್ಮ ನಕ್ಷತ್ರ ಆಮೆಯ ಗಂಡು ಹರ್ಮನ್‌ಗೆ ಹೋಲಿಸಿದರೆ ಎಷ್ಟೋ ಸೌಮ್ಯ. ಹೊರದೇಶಗಳಲ್ಲಿ ಅವನ್ನು ಗುಂಪಾಗಿ ಸಾಕುವವರಿಗೆ ಈ ತಲೆನೋವು ಕಡಿಮೆ. (ಇದನ್ನು ಓದಿ ಬೆಂಗಳೂರಿನಲ್ಲಿ ಯಾರೂ ಆಸೆಪಡುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು ಅಪರಾಧ.) ಅಮೆರಿಕದ ನೆವಾಡ ರಾಜ್ಯ ಅಲ್ಲಿನ ಮರುಭೂಮಿ ಆಮೆಯ ವಿಷಯದಲ್ಲಿ ಚರ್ಚೆಗೇ ಹೋಗಲಿಲ್ಲ. ಸಾಕಿದ ಆಮೆಗಳ ಸಂತತಿ ಮಿತಿಮೀರಿತೆಂದು 2013ರಿಂದ ಹೊಸದಾಗಿ ಸಾಕುವವರಿಗೆ ತಲೆಗೊಂದೇ ಆಮೆ ಎಂದು ನಿಯಮ ಮಾಡಿತು. ಅಲ್ಲಿ ಕಾರಣ ಮರಿಗಳ ಸಂಖ್ಯೆ, ಕಾಟವಲ್ಲ; ಪರಿಣಾಮ ಮಾತ್ರ ಬೇರೆ ಮಾಡಿ ಎಂಬವರ ಪಕ್ಷಕ್ಕೇ ಅನುಕೂಲ.

ಬೇರೆ ಮಾಡಿದ ಗಂಡು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಆ ಪಕ್ಷದವರ ಬಳಿಯೂ ಸಲೀಸಾದ ಉತ್ತರವಿಲ್ಲ. ಮೊಟ್ಟೆಯ ಕಾವು ಸುಮಾರು 31.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಹರ್ಮನ್ ಮೊಟ್ಟೆಗಳಲ್ಲಿ ಹುಟ್ಟುವುದು ಹೆಚ್ಚಾಗಿ ಗಂಡೇ. ಮನೆಯಲ್ಲೇ ಕಾವು ಕೊಟ್ಟು ಮರಿ ಮಾಡುವವರು ಈ ಡಿಗ್ರಿಯ ಕಡೆ ಗಮನ ಕೊಡದಿದ್ದರೆ ಗಂಡುಗಳೇ ಹೆಚ್ಚಾಗುತ್ತವೆ. ಮರಿಯಾಗಿದ್ದಾಗ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಜೋಡಿಯೆಂದು ನಂಬಿ ಕೊಂಡ ಎರಡೂ ಗಂಡೆಂದು ಗೊತ್ತಾಗುವ ಹೊತ್ತಿಗೆ ಕೆಲವು ವರ್ಷಗಳೇ ಕಳೆದಿರುತ್ತವೆ. ಆಗ ಅವುಗಳಲ್ಲೊಂದಕ್ಕೆ ಒಂಟಿ ಅಂಗಳ ಹುಡುಕುವ ಕೆಲಸ ಕೊಂಡವರ ಪಾಲಿಗೇ ಉಳಿಯುತ್ತದೆ. ಆಮೆಯ ಆಯುಸ್ಸು ಐವತ್ತು ವರ್ಷ ದಾಟುವುದೂ ಉಂಟಾದ್ದರಿಂದ, ಮುಂದಿನ ತಲೆಮಾರಿನ ಪಾಲಿಗೂ.