ಅಜ್ಜನ ಗುಂಡಿ ಎಲ್ಲಿ?

ಮೊನ್ನೆ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಅಂದ್ರೆ ಮೂಡಿಗೆರೆಯಿಂದ ಕಳಸದ ಕಡೆ ಹೋಗೋ ದಾರಿಯಲ್ಲಿ ಒಂದು ಸಣ್ಣ ಹಳ್ಳಿ. ಅಜ್ಜಿಯದು ಒಂದೇ ಹಠ. "ನಿಮ್ಮಜ್ಜನ ತಲೆ ಹತ್ರ ಒಂದು ಹೆಸರಿನ ಕಲ್ಲು ಹಾಕ್ಸು ಮಗಾ, ನಾನು ಹೋಗೋದ್ರೊಳಗೆ ನೋಡ್ಬೇಕು." ಸರಿ ಅಂತ ಅಪ್ಪ, ನಾನು ಸ್ಮಶಾನಕ್ಕೆ ಹೋದ್ವಿ. ನೋಡಿದ್ರೆ ಅಜ್ಜನ ಗುಂಡಿಯೇ ಇಲ್ಲ!

ಲಂಟಾನ ತೆಗೆಸೋಕೆ ಜೇಸಿಬಿ ತರಿಸಿದ್ದರಂತೆ. ಗಿಡದ ಜೊತೆ, ಗುರುತಿಗೆ ನೆಟ್ಟಿದ್ದ ಕಾಡುಗಲ್ಲುಗಳೂ ಮೂಲೆಯಲ್ಲಿ ಗುಡ್ಡೆ ಬಿದ್ದಿವೆ. ಸಿಮೆಂಟು, ಟೈಲ್ಸು ಹಾಕಿ ಕಟ್ಟಿಸಿದ ಐದಾರು ಸಮಾಧಿ ಮಾತ್ರ ಉಳಿದಿವೆ. ಅಪ್ಪ ಸಂಬಂಧಪಟ್ಟವರನ್ನ ಕೇಳಿದ್ರು. "ಕ್ಲೀನ್ ಮಾಡ್ಸಿ ಅಂತ ಅರ್ಜಿ ಕೊಡೋರೂ ನೀವೇ, ಮಾಡ್ಸಿದ್ರೆ ಬೈಯೋರೂ ನೀವೇ" ಅಂದ್ರು ಅವರು. ಅದೂ ನಿಜಾನೇ. ಜಗಳ ಆಡೋಕೂ ಆಗಲಿಲ್ಲ...

ಮಲೆನಾಡಿನ ಹೊರಗಿನವರಿಗೆ ಒಂದು ಮಾತು ಹೇಳ್ಬೇಕು. ನಮ್ಮ ಕಡೆ ತೋಟ ಇದ್ದವರು ಸತ್ತರೆ ಸಾಮಾನ್ಯವಾಗಿ ಅವರ ತೋಟದಲ್ಲೇ ಜಾಗ ಸಿಗುತ್ತೆ. ಮಕ್ಕಳು ಮೊಮ್ಮಕ್ಕಳು ಅಲ್ಲೇ ಓಡಾಡ್ತಿರ್ತಾರೆ, ಕಳೆ ಬೆಳೆಯೋಲ್ಲ. ನಮ್ಮಜ್ಜ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಮೂವತ್ತು ವರ್ಷ ಬೇರೆಯವರ ಕಾಫಿ ಲೆಕ್ಕ ಬರೆದರು, ತಮ್ಮದು ಅಂತ ಒಂದು ಗಿಡ ಇರಲಿಲ್ಲ. ಅವರಿಗೂ, ಲೈನ್ ಮನೆಗಳಲ್ಲಿ ಬದುಕಿ ಸತ್ತವರಿಗೂ ಊರ ಸ್ಮಶಾನವೇ ಗತಿ. ನಮ್ಮ ಮಳೆಗೆ ಎರಡೇ ವರ್ಷದಲ್ಲಿ ಮಣ್ಣಿನ ದಿಬ್ಬ ಕರಗಿ ಹೋಗುತ್ತೆ. ಆಮೇಲೆ ಗುರುತು ಅಂತ ಉಳಿಯೋದು ಆ ಕಲ್ಲು ಒಂದೇ.

ಗೋರಿ ವಿಷಯ ಬಂದ್ರೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ನೆನಪಾಗೋದು ಬಾಬಾಬುಡನ್‌ಗಿರಿ. 2017ರ ಡಿಸೆಂಬರ್‌ನಲ್ಲಿ ದತ್ತಜಯಂತಿ ಹೊತ್ತಲ್ಲಿ ಅಲ್ಲಿನ ಗೋರಿಗಳಿಗೆ ಹಾನಿಯಾದಾಗ ರಾಜ್ಯವೆಲ್ಲ ಮಾತಾಡ್ತು. ಮಾತಾಡಲೇಬೇಕಿತ್ತು. ಇಂಥದ್ದಕ್ಕೆ ಕಾನೂನೂ ಇದೆ. ಬೇರೆಯವರ ಮನಸ್ಸು ನೋಯಿಸಬೇಕು ಅಂತ ಗೋರಿ ಇರೋ ಜಾಗಕ್ಕೆ ಅತಿಕ್ರಮವಾಗಿ ನುಗ್ಗಿದ್ರೆ ಒಂದು ವರ್ಷದವರೆಗೆ ಜೈಲು. ಹಿಂದೆ ಐಪಿಸಿ 297 ಇತ್ತು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 301. ಆದ್ರೆ ನಮ್ಮೂರ ಜೇಸಿಬಿ ಡ್ರೈವರ್‌ಗೆ ಯಾರ ಮನಸ್ಸನ್ನೂ ನೋಯಿಸೋ ಉದ್ದೇಶ ಇರಲಿಲ್ಲ. ದ್ವೇಷದಿಂದ ಕೆಡವಿದ್ರೆ ಕೇಸು, ನಿರ್ಲಕ್ಷ್ಯದಿಂದ ಅಳಿಸಿದ್ರೆ "ಸ್ವಚ್ಛತಾ ಕಾರ್ಯ"!

ಹಾಗಾದ್ರೆ ಇದು ಯಾರ ಕೆಲಸ? ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಸಭೆಗಳ ಕೆಲಸದ ಪಟ್ಟಿಯಿದೆ, ಅದರಲ್ಲಿ ಸ್ಮಶಾನ ಅಂತ ಸ್ಪಷ್ಟವಾಗಿದೆ. ಪಂಚಾಯ್ತಿಗಳ 11ನೇ ಅನುಸೂಚಿಯ 29 ಬಾಬತ್ತುಗಳಲ್ಲಿ ಆ ಹೆಸರಿಲ್ಲ, 'ಸಮುದಾಯದ ಆಸ್ತಿಗಳ ನಿರ್ವಹಣೆ' ಅನ್ನೋದರಲ್ಲಿ ಸೇರಿಸಿಕೊಂಡು ಓದ್ಕೋಬೇಕು. ಸ್ಮಶಾನವಿಲ್ಲದ ಹಳ್ಳಿಗಳಿಗೆ ಜಾಗ ಕೊಡಿ ಅಂತ 2019ರಲ್ಲಿ ನಮ್ಮ ಹೈಕೋರ್ಟ್ ಹೇಳ್ತು. ಅದನ್ನ ಪಾಲಿಸಲಿಲ್ಲ ಅಂತ ಮತ್ತೆ ನ್ಯಾಯಾಂಗ ನಿಂದನೆ ಅರ್ಜಿ ಹಾಕ್ಬೇಕಾಯ್ತು. ಜಾಗಕ್ಕೇ ಇಷ್ಟು ಕಷ್ಟ ಆದ್ರೆ, ಸಿಕ್ಕ ಜಾಗ ನೋಡ್ಕೊಳ್ಳೋರು ಯಾರು?

ಬರೀ ಸರ್ಕಾರವನ್ನ ಬೈದು ಪ್ರಯೋಜನ ಇಲ್ಲ ಅನ್ಸುತ್ತೆ. ಕ್ರೈಸ್ತರಿಗೆ ನವೆಂಬರ್ 2ಕ್ಕೆ ಸತ್ತವರನ್ನ ನೆನೆಯೋ ದಿನ ಇದೆ, ಅದಕ್ಕೆ ಮುಂಚೆ ಸಮಾಧಿಗಳು ಶುಚಿಯಾಗುತ್ವೆ. ಮುಸ್ಲಿಮರಲ್ಲಿ ಅನೇಕರು ಶಬೇ ಬರಾತ್‌ಗೆ ಖಬರಸ್ತಾನಕ್ಕೆ ಹೋಗ್ತಾರೆ. ಕ್ಯಾಲೆಂಡರಿನಲ್ಲಿ ಒಂದು ದಿನ ಇದ್ರೆ ಕೆಲಸ ತಾನಾಗೇ ಆಗುತ್ತೆ. ನಾವು ಮಹಾಲಯ ಅಮಾವಾಸ್ಯೆಗೆ ಮನೆಯಲ್ಲಿ ಎಡೆ ಇಡ್ತೀವಿ, ಸ್ಮಶಾನಕ್ಕೆ ಮಾತ್ರ ಇನ್ನೊಂದು ಸಾವು ಆಗೋವರೆಗೆ ಕಾಲಿಡೋಲ್ಲ. ನಾನೂ ಹನ್ನೊಂದು ವರ್ಷ ಹೋಗಿರಲಿಲ್ಲ. ಹೀಗಿದ್ದು ಜೇಸಿಬಿಯವನನ್ನ ಯಾವ ಮುಖ ಇಟ್ಕೊಂಡು ಕೇಳೋದು?

ಎಲ್ಲರೂ ಸಿಮೆಂಟ್ ಕಟ್ಟೆ ಕಟ್ಟಿಸಲಿ ಅಂದ್ರೆ ಅದೂ ಸರಿಯಲ್ಲ. ಇರೋದೇ ಸ್ವಲ್ಪ ಜಾಗ, ದುಡ್ಡಿದ್ದವರು ಕಟ್ಟಿಸಿದ್ರೆ ಮುಂದೆ ಸಾಯೋ ಬಡವರಿಗೆ ಜಾಗ ಎಲ್ಲಿ? ಸಿಂಗಾಪುರದಲ್ಲಿ ಜಾಗ ಸಾಲದೆ 1998ರಿಂದ ಒಂದು ಗೋರಿಗೆ 15 ವರ್ಷ ಅಂತ ಮಿತಿ ಹಾಕಿದಾರೆ. ಕೇಳೋಕೆ ಕಠೋರ ಅನ್ಸುತ್ತೆ. ಆದ್ರೆ ಅಲ್ಲಿ ಯಾವ ಗೋರಿ ಯಾರದು ಅನ್ನೋ ದಾಖಲೆ ಇದೆ, ಮನೆಯವರಿಗೆ ಮೊದಲೇ ತಿಳಿಸ್ತಾರೆ. ನಮ್ಮಲ್ಲಿ ಮಿತಿಯೂ ಇಲ್ಲ, ದಾಖಲೆಯೂ ಇಲ್ಲ. 1969ರ ಕಾಯ್ದೆಯಿಂದಾಗಿ ಅಜ್ಜ ಸತ್ತದ್ದಕ್ಕೆ ಸರ್ಟಿಫಿಕೇಟ್ ಇದೆ. ಎಲ್ಲಿ ಮಣ್ಣು ಮಾಡಿದ್ವಿ ಅನ್ನೋದಕ್ಕೆ ಅಪ್ಪನ ನೆನಪು ಒಂದೇ ಸಾಕ್ಷಿ.

ಸಾಫ್ಟ್‌ವೇರಿನವನು, ಇನ್ನು ಆ್ಯಪ್ ಮಾಡಿ ಅಂತಾನೆ ಅನ್ಕೊಂಡ್ರಾ? ಆ್ಯಪ್ ಬೇಡ ಮಾರಾಯ್ರೆ :) ಒಂದು ರಿಜಿಸ್ಟರ್ ಪುಸ್ತಕ ಸಾಕು. ಸಾಲು ಸಾಲಾಗಿ ಗುಂಡಿ, ಎಲ್ಲರಿಗೂ ಒಂದೇ ಅಳತೆಯ ನಂಬರ್ ಕಲ್ಲು, ಪುಸ್ತಕದಲ್ಲಿ ಹೆಸರು, ತಾರೀಕು. ಜೇಸಿಬಿ ಗೇಟಿನ ಹೊರಗೇ ಇರಲಿ, ಒಳಗೆ ಕಳೆ ಹೊಡೆಯೋ ಮೆಷಿನ್ ಸಾಕು. ಏನೇ ತೆಗೆಯೋದಿದ್ರೂ ಒಂದು ತಿಂಗಳ ಮುಂಚೆ ನೋಟಿಸ್ ಬೋರ್ಡಿಗೆ ಹಾಕಲಿ. ಮಹಾಲಯ ಅಮಾವಾಸ್ಯೆಗೆ ಹಿಂದಿನ ಭಾನುವಾರ ಊರವರೆಲ್ಲ ಕತ್ತಿ ಹಿಡ್ಕೊಂಡು ಬರ್ಲಿ. ಈ ಸಲ ನಾನಂತೂ ಬಸ್ ಟಿಕೆಟ್ ಬುಕ್ ಮಾಡ್ತೀನಿ.

ಅಜ್ಜಿಗೆ ಇನ್ನೂ ಹೇಳಿಲ್ಲ. ಕಲ್ಲು ಕೆತ್ತೋನಿಗೆ ಪುರುಸೊತ್ತಿಲ್ವಂತೆ ಅಂತ ಸುಳ್ಳು ಹೇಳಿ ಬಂದಿದೀನಿ. ಎಷ್ಟು ದಿನ ನಡೆಯುತ್ತೋ ಗೊತ್ತಿಲ್ಲ.

ನಿಮ್ಮೂರ ಸ್ಮಶಾನದಲ್ಲಿ ಇಂಥ ಪುಸ್ತಕ ಇದೆಯಾ? ಇದ್ರೆ ದಯವಿಟ್ಟು ತಿಳಿಸಿ. ಅದನ್ನೇ ತೋರಿಸಿ ನಮ್ಮೂರಲ್ಲೂ ಕೇಳ್ತೀನಿ.