ಬಾಗಿಲು ಮುಚ್ಚಿದ ತಪಸ್ಸು ಕಾಲದಲ್ಲಿ ಧರ್ಮಕೇಂದ್ರ ಎಲ್ಲಿತ್ತು?

2020ರ ಫೆಬ್ರುವರಿ 26 ವಿಭೂತಿ ಬುಧವಾರ. ಕಥೋಲಿಕ ಕ್ರೈಸ್ತರು ಹಣೆಗೆ ಬೂದಿ ಹಚ್ಚಿಸಿಕೊಂಡು ನಲವತ್ತು ದಿನಗಳ ತಪಸ್ಸು ಕಾಲಕ್ಕೆ ಕಾಲಿಡುವ ದಿನ. ಕರ್ನಾಟಕದ ಚರ್ಚುಗಳಲ್ಲಿ ಅಂದು ಎಲ್ಲವೂ ಎಂದಿನಂತೆಯೇ ನಡೆಯಿತು. ದಕ್ಷಿಣ ಕೊರಿಯಾದಲ್ಲಿ ಮಾತ್ರ ಅಷ್ಟರಲ್ಲಿ ಎಲ್ಲ ಧರ್ಮಪ್ರಾಂತ್ಯಗಳೂ ಸಾರ್ವಜನಿಕ ಬಲಿಪೂಜೆಯನ್ನು ನಿಲ್ಲಿಸಿದ್ದವು. ಅಲ್ಲಿನ ಧರ್ಮಸಭೆಯ 236 ವರ್ಷಗಳ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಇಟಲಿಯ ಮಿಲಾನಿನಲ್ಲಿ ಅದಕ್ಕೂ ಎರಡು ಮೂರು ದಿನ ಮೊದಲೇ ಪೂಜೆ ನಿಂತಿತ್ತು.

ನಮ್ಮಲ್ಲಿಗೆ ಆ ಗಳಿಗೆ ಬರಲು ತಿಂಗಳೂ ಹಿಡಿಯಲಿಲ್ಲ. ಮಾರ್ಚ್ 22ರ ಜನತಾ ಕರ್ಫ್ಯೂ ತಪಸ್ಸು ಕಾಲದ ನಾಲ್ಕನೆಯ ಭಾನುವಾರ ಬಿತ್ತು. 25ರಿಂದ ಲಾಕ್‌ಡೌನ್. ಏಪ್ರಿಲ್ 5, ಗರಿಗಳ ಭಾನುವಾರ, ಪ್ರಧಾನಿಯ ಕರೆಯಂತೆ ದೇಶವೆಲ್ಲ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಹಚ್ಚಿತು. ಬೆಳಿಗ್ಗೆ ಗರಿಗಳ ಮೆರವಣಿಗೆಗೆ ಹೋಗಲಾಗದ ಮನೆಗಳೂ ರಾತ್ರಿ ಹಣತೆ ಹಿಡಿದು ಹೊಸ್ತಿಲಿಗೆ ಬಂದವು. ಪವಿತ್ರ ಗುರುವಾರ, ಶುಭ ಶುಕ್ರವಾರ, ಏಪ್ರಿಲ್ 12ರ ಪಾಸ್ಖ ಎಲ್ಲವೂ ಮುಚ್ಚಿದ ಬಾಗಿಲ ಹಿಂದೆಯೇ ಕಳೆದವು. ರಾಜ್ಯದ ಪ್ರಾರ್ಥನಾ ಮಂದಿರಗಳು ಮತ್ತೆ ತೆರೆದದ್ದು ಜೂನ್ 8ರಂದು.

ಆ ವರ್ಷದ ಮಾತು ಬಂದರೆ ಇಂದಿಗೂ ಹೆಚ್ಚಿನವರಿಗೆ ನೆನಪಾಗುವುದು ಮೊಬೈಲ್ ಪರದೆ. ಶೋಕೇಸಿನ ಮೇಲೆ ಒರಗಿಸಿಟ್ಟ ಫೋನು, ಪಕ್ಕದಲ್ಲಿ ಉರಿಯುವ ಮೇಣದಬತ್ತಿ, ಯೂಟ್ಯೂಬಿನಲ್ಲಿ ಧರ್ಮಾಧ್ಯಕ್ಷರ ಪೂಜೆ. ಸಾಂಕ್ರಾಮಿಕದ ಕಾಲದಲ್ಲಿ ಧರ್ಮಕೇಂದ್ರವನ್ನು ಉಳಿಸಿದ್ದು ತಂತ್ರಜ್ಞಾನ ಎಂಬ ತೀರ್ಮಾನವೂ ಅಷ್ಟೇ ಸಲೀಸಾಗಿ ಬಂದುಬಿಟ್ಟಿತು. ಆ ತೀರ್ಮಾನ ಅರೆಸತ್ಯ. ಪರದೆ ಪೂಜೆಯನ್ನು ತೋರಿಸಿತು. ಧರ್ಮಕೇಂದ್ರವನ್ನು ಉಳಿಸಿದ್ದು ಅದಕ್ಕಿಂತ ಬಹಳ ಹಳೆಯ ಏರ್ಪಾಡು.

ಬಾಗಿಲು ಮುಚ್ಚಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಮೊದಲು ಮುಗಿಸಬೇಕು. ಸರಿಯೇ. ಕೇರಳದ ಚಾಲಕ್ಕುಡಿಯ ಬಳಿ ಮಾರ್ಚ್ ಕೊನೆಯ ವಾರ ನಿಷೇಧ ಮೀರಿ ಜನ ಸೇರಿಸಿ ಪೂಜೆ ನಡೆಸಿದ ಪಾದ್ರಿಯೊಬ್ಬರನ್ನು ಪೊಲೀಸರು ಬಂಧಿಸಿದರು. ಅದನ್ನು ಶ್ರದ್ಧೆಯ ಸಾಹಸವೆಂದು ಮೆಚ್ಚಿದವರೂ ಇದ್ದರು. ಆದರೆ ಧರ್ಮಸಭೆಯ ಪರಂಪರೆ ಅಂಥವರ ಪರವಾಗಿಲ್ಲ. 1576ರಲ್ಲಿ ಮಿಲಾನಿಗೆ ಪ್ಲೇಗ್ ಬಂದಾಗ ಅಲ್ಲಿನ ಮಹಾಧರ್ಮಾಧ್ಯಕ್ಷ ಚಾರ್ಲ್ಸ್ ಬೊರೊಮಿಯೊ ಜನ ಮನೆಯಲ್ಲೇ ಇರಬೇಕೆಂಬ ಕಟ್ಟಳೆಗೆ ಒಪ್ಪಿದರು. ಆಮೇಲೆ ಬೀದಿ ಕೂಡುವ ಕಡೆಗಳಲ್ಲಿ ಬಲಿಪೀಠ ಕಟ್ಟಿಸಿದರು. ಜನ ಕಿಟಕಿಯಿಂದಲೇ ಪೂಜೆ ಕಂಡರು, ಗಂಟೆಯ ಸದ್ದಿಗೆ ಮನೆ ಮನೆಯಿಂದ ಪ್ರಾರ್ಥನೆಗೆ ದನಿಗೂಡಿಸಿದರು. ಬೊರೊಮಿಯೊ ಆಮೇಲೆ ಸಂತರೆನಿಸಿಕೊಂಡರು. ಮುಂಬೈನ ಬಾಂದ್ರಾದ ಗಲ್ಲಿಗಳಲ್ಲಿ ಇಂದಿಗೂ ನಿಂತಿರುವ ಪ್ಲೇಗ್ ಶಿಲುಬೆಗಳ ಹಿಂದೆಯೂ ಇಂಥದೇ ಕಥೆಯಿದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಆ ಮಹಾಮಾರಿಯ ದಿನಗಳಲ್ಲಿ ನೆರೆಹೊರೆಯವರು ಸಂಜೆ ಆ ಶಿಲುಬೆಯ ಬುಡದಲ್ಲಿ ಸೇರಿ ಜಪಸರ ಹೇಳುತ್ತಿದ್ದರು.

ರೋಮ್ ನಗರಕ್ಕೂ ಈ ವಿಷಯದಲ್ಲಿ ಗೊಂದಲ ತಪ್ಪಲಿಲ್ಲ. ಪೋಪರ ಪರವಾಗಿ ನಗರದ ಧರ್ಮಪ್ರಾಂತ್ಯವನ್ನು ಆಗ ನೋಡಿಕೊಳ್ಳುತ್ತಿದ್ದ ಕಾರ್ಡಿನಲ್ ಆಂಜೆಲೊ ದೆ ದೊನಾಟಿಸ್ ಮಾರ್ಚ್ 12ರಂದು ಎಲ್ಲ ಚರ್ಚುಗಳ ಬಾಗಿಲು ಮುಚ್ಚಲು ಆದೇಶಿಸಿದರು. ಮರುದಿನವೇ, ಪೋಪ್ ಫ್ರಾನ್ಸಿಸ್ ಜೊತೆ ಮಾತಾಡಿದ ಮೇಲೆ, ಅದನ್ನು ಬದಲಿಸಿದರು. ಪೂಜೆ ಇರುವುದಿಲ್ಲ, ಒಬ್ಬೊಬ್ಬರಾಗಿ ಬಂದು ಪ್ರಾರ್ಥಿಸುವವರಿಗೆ ಧರ್ಮಕೇಂದ್ರಗಳು ತೆರೆದಿರಲಿ ಎಂದರು. ಸಭೆ ಸೇರುವುದು ಬೇಡ, ಆದರೆ ಬಾಗಿಲು ಬಡಿದವರಿಗೆ ಬಾಗಿಲು ಸಿಗಲಿ ಎಂಬ ಈ ಸೂಕ್ಷ್ಮ ಎಲ್ಲ ಕಡೆ ಉಳಿಯಲಿಲ್ಲ.

ಮಾರ್ಚ್ 27ರ ಸಂಜೆ ಮಳೆಯಲ್ಲಿ ತೊಯ್ದ ಸಂತ ಪೇತ್ರರ ಚೌಕದಲ್ಲಿ ಫ್ರಾನ್ಸಿಸ್ ಹೆಚ್ಚುಕಡಿಮೆ ಒಂಟಿಯಾಗಿ ನಡೆದು ಬಂದ ದೃಶ್ಯ ಜಗತ್ತಿಗೆಲ್ಲ ಗೊತ್ತು. ಅವರ ಹಿಂದೆ ಇದ್ದ ಮರದ ಶಿಲುಬೆಯ ಹಿನ್ನೆಲೆ ಅಷ್ಟಾಗಿ ಗೊತ್ತಿಲ್ಲ. ಅದು ಸಾನ್ ಮಾರ್ಚೆಲ್ಲೊ ಚರ್ಚಿನದು. 1519ರ ಬೆಂಕಿಯಲ್ಲಿ ಚರ್ಚು ಸುಟ್ಟಾಗ ಉಳಿದದ್ದು. 1522ರ ಪ್ಲೇಗಿನಲ್ಲಿ ಅದೇ ಶಿಲುಬೆಯನ್ನು ರೋಮಿನ ಜನ ಹದಿನಾರು ದಿನ ಬೀದಿ ಬೀದಿಗಳಲ್ಲಿ ಹೊತ್ತು ತಿರುಗಿದರು. ಐನೂರು ವರ್ಷಗಳ ಬಳಿಕ ಶಿಲುಬೆ ಬಂತು, ಹೊರುವ ಜನ ಬರುವಂತಿರಲಿಲ್ಲ.

ಆ ವಾರ ವ್ಯಾಟಿಕನ್ನಿನಿಂದ ಪವಿತ್ರ ವಾರದ ಆಚರಣೆಗೆ ಸೂಚನೆಗಳೂ ಹೊರಟವು. ಗುರುವಾರದ ಪಾದ ತೊಳೆಯುವ ವಿಧಿ ಬೇಡ. ಶುಕ್ರವಾರ ಶಿಲುಬೆಗೆ ಮುತ್ತಿಡುವುದು ಪೂಜೆ ನಡೆಸುವ ಗುರು ಮಾತ್ರ. ಪಾಸ್ಖ ಜಾಗರಣೆಯಲ್ಲಿ ಬೆಂಕಿ ಹೊತ್ತಿಸುವುದು ಬೇಡ, ದೀಕ್ಷಾಸ್ನಾನ ಬೇಡ. ಇಡೀ ಜಗತ್ತು ಗಂಟೆಗೊಮ್ಮೆ ಕೈ ತೊಳೆಯುತ್ತಿದ್ದ ವರ್ಷದಲ್ಲಿ ಕಾಲು ತೊಳೆಯುವ ವಿಧಿಗೆ ಬಿಡುವು ಸಿಕ್ಕಿತು! ನಗೆ ಬಂದರೂ ಇದರಲ್ಲಿ ಗಂಭೀರ ಸಂಗತಿಯೊಂದಿದೆ. ತಪಸ್ಸು ಕಾಲದ ಆರಾಧನೆಯ ತುಂಬ ಮುಟ್ಟುವಿಕೆಯೇ ಇದೆ. ಬೂದಿ ಹಣೆಗೆ ತಾಗಬೇಕು, ಗರಿ ಕೈಗೆ ಬರಬೇಕು, ಶಿಲುಬೆ ತುಟಿಗೆ ಸಿಗಬೇಕು, ಪರಮಪ್ರಸಾದ ನಾಲಗೆಗೆ ಇಳಿಯಬೇಕು. ಇವುಗಳಲ್ಲಿ ಒಂದನ್ನೂ ಕ್ಯಾಮೆರಾ ದಾಟಿಸಲಾರದು.

ಆದರೂ ಕ್ಯಾಮೆರಾ ಬಂತು, ಬಂದದ್ದು ಒಳ್ಳೆಯದೇ. ಮಾರ್ಚ್ 9ರಿಂದ ಪೋಪರ ಬೆಳಗಿನ ಪೂಜೆ ಜಗತ್ತಿಗೆಲ್ಲ ನೇರ ಪ್ರಸಾರವಾಯಿತು. ಲೊಂಬಾರ್ಡಿಯ ರೊಬಿಯಾನೊ ಎಂಬ ಊರಿನ ಪಾದ್ರಿ ತನ್ನ ಜನರಿಂದ ಸೆಲ್ಫಿಗಳನ್ನು ತರಿಸಿ, ಮುದ್ರಿಸಿ, ಖಾಲಿ ಬೆಂಚುಗಳಿಗೆ ಅಂಟಿಸಿ ಆ ಮುಖಗಳ ಎದುರು ಪೂಜೆ ಮಾಡಿದರು. ದಕ್ಷಿಣ ಇಟಲಿಯ ಪೊಲ್ಲಾದಲ್ಲಿ ಫೇಸ್‌ಬುಕ್ ನೇರ ಪ್ರಸಾರಕ್ಕೆ ಕೂತ ಪಾದ್ರಿಗೆ ಯಾವ ಗುಂಡಿ ಒತ್ತಿದರೋ ತಿಳಿಯಲಿಲ್ಲ. ಪ್ರಾರ್ಥನೆಯ ನಡುವೆ ಅವರ ತಲೆಗೆ ಒಮ್ಮೆ ಬಾಹ್ಯಾಕಾಶ ಯಾತ್ರಿಯ ಶಿರಸ್ತ್ರಾಣ, ಇನ್ನೊಮ್ಮೆ ಜಾದೂಗಾರನ ಟೊಪ್ಪಿ ಬಂದು ಕೂತಿತು. ವಿಡಿಯೊ ಲಕ್ಷಾಂತರ ಮಂದಿಗೆ ತಲುಪಿತು, ಪಾದ್ರಿಯೂ ನಕ್ಕರು. ಸಾವಿನ ಸುದ್ದಿಯಲ್ಲೇ ಮುಳುಗಿದ್ದ ಇಟಲಿಗೆ ಆ ನಗು ಬೇಕಿತ್ತು.

ಪರದೆಯ ಮಿತಿಯನ್ನು ಎಲ್ಲರಿಗಿಂತ ನೇರವಾಗಿ ಹೇಳಿದವರು ಫ್ರಾನ್ಸಿಸ್ ಅವರೇ. ಏಪ್ರಿಲ್ 17ರ ಬೆಳಗಿನ ಪ್ರವಚನದಲ್ಲಿ, ಅದೂ ನೇರ ಪ್ರಸಾರದಲ್ಲೇ, ಜನರಿಲ್ಲದ, ಸಂಸ್ಕಾರಗಳಿಲ್ಲದ ಧರ್ಮಸಭೆ ಅಪಾಯಕಾರಿ ಎಂದು ಎಚ್ಚರಿಸಿದರು. ಈಗಿನದು ಸಂಕಟದ ಸ್ಥಿತಿ, ಇದೇ ಧರ್ಮಸಭೆಯ ಆದರ್ಶವಲ್ಲ ಎಂಬುದು ಅವರ ಮಾತಿನ ಸಾರ. ಖಾಲಿ ಚರ್ಚಿನಲ್ಲಿ ಪಾಸ್ಖ ಮಾಡುವ ಮುನ್ನ ಯೋಚಿಸಿ ಎಂದು ಧರ್ಮಾಧ್ಯಕ್ಷರೊಬ್ಬರು ತಮ್ಮನ್ನು ತರಾಟೆಗೆ ತೆಗೆದುಕೊಂಡಿದ್ದರೆಂದೂ ಒಪ್ಪಿಕೊಂಡರು. ಪಾಪನಿವೇದನೆಯ ವಿಷಯದಲ್ಲಂತೂ ಅವರ ಸಲಹೆ ಇನ್ನೂ ಸರಳ. ಗುರು ಸಿಗದಿದ್ದರೆ ದೇವರೊಡನೆ ನೇರ ಮಾತಾಡಿ, ಮನಸ್ಸಾರೆ ಪಶ್ಚಾತ್ತಾಪಪಡಿ, ಸಾಧ್ಯವಾದಾಗ ಬಂದು ನಿವೇದಿಸಿಕೊಳ್ಳಿ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಪಾದ್ರಿಯೊಬ್ಬರು ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಕುರ್ಚಿ ಹಾಕಿಕೊಂಡು, ಕಾರಿನಲ್ಲಿ ಬಂದವರ ಪಾಪನಿವೇದನೆ ಕೇಳಿದರು. ಕಾರೇ ಇಲ್ಲದವರ ದೇಶಗಳಿಗೆ ಫ್ರಾನ್ಸಿಸರ ದಾರಿಯೇ ಹೊಂದುವಂಥದ್ದು.

ಕರ್ನಾಟಕದಲ್ಲಿ ಫೋನು, ನೆಟ್‌ವರ್ಕು ಎರಡೂ ಎಲ್ಲರಿಗೂ ಸಿಗುವಂಥವಲ್ಲ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕು. ನಗರದಲ್ಲಿದ್ದ ಅಜ್ಜ ಅಜ್ಜಿಯರಿಗೆ ಲಿಂಕ್ ಒತ್ತಿಕೊಡಲು ಮೊಮ್ಮಕ್ಕಳು ಬೇಕು. ಅವರನ್ನು ಆ ತಪಸ್ಸು ಕಾಲದಲ್ಲಿ ಕೈಹಿಡಿದದ್ದು ಯಾವುದು?

ಕರಾವಳಿಯ ಕೊಂಕಣಿ ಕಥೋಲಿಕರ ಮಟ್ಟಿಗೆ ಉತ್ತರ ಸುಲಭ. ಸಂಜೆ ದೇವರ ಪೀಠದ ಎದುರು ಮನೆಮಂದಿಯೆಲ್ಲ ಕೂತು ಹೇಳುವ ತೇರ್ಸ್, ಅಂದರೆ ಜಪಸರ. ಅದು ಮುಗಿದ ಮೇಲೆ ಕಿರಿಯರು ಹಿರಿಯರಿಂದ ಬೆಸಾಂವ್ ಬೇಡುವುದು, ಅಂದರೆ ಆಶೀರ್ವಾದ. ಮನೆಯಿಂದಾಚೆಗೆ ವಾಡೊ, ಅಂದರೆ ಧರ್ಮಕೇಂದ್ರದೊಳಗಿನ ಕೇರಿ. ವಾಡೊಗೊಬ್ಬ ಗುರ್ಕಾರ. ಇಗರ್ಜಿ (ಚರ್ಚು) ಮತ್ತು ಮನೆಗಳ ನಡುವಿನ ಕೊಂಡಿಯಾದ ಈ ಗುರ್ಕಾರನಿಗೆ ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಮಗ ಕೊಲ್ಲಿಯಲ್ಲಿ ಕೆಲಸ ಕಳೆದುಕೊಂಡಿದ್ದಾನೆ ಎಂಬುದೆಲ್ಲ ತಿಳಿದಿರುತ್ತದೆ. ಬಯಲುಸೀಮೆಯ ಮತ್ತು ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ಇದೇ ಕೆಲಸವನ್ನು ಕಿರು ಕ್ರೈಸ್ತ ಸಮುದಾಯಗಳು ಮಾಡುತ್ತವೆ. ತಪಸ್ಸು ಕಾಲದ ಉಳಿತಾಯವನ್ನು ಬಡವರಿಗೆ ಕೊಡುವುದು ಹಳೆಯ ನಿಯಮ. ಅಕ್ಕಿ ಬೇಳೆಯ ಚೀಲ ಯಾವ ಬಾಗಿಲಿಗೆ ಮೊದಲು ಹೋಗಬೇಕೆಂದು ಹೇಳಬಲ್ಲವರು ಇವರೇ. ಯೂಟ್ಯೂಬಿನ ವೀಕ್ಷಕರ ಸಂಖ್ಯೆಯಿಂದ ಆ ವಿವರ ಸಿಗುವುದಿಲ್ಲ.

ಇಗರ್ಜಿಯಿಲ್ಲದೆ ಬದುಕುವುದು ಕರಾವಳಿಯ ಈ ಸಮುದಾಯಕ್ಕೆ ಹೊಸತೂ ಅಲ್ಲ. 1784ರ ತಪಸ್ಸು ಕಾಲದ ಆರಂಭದಲ್ಲೇ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಅದು ವಿಭೂತಿ ಬುಧವಾರ ಎಂಬುದು ಸಮುದಾಯದ ನೆನಪು. ಇಗರ್ಜಿಗಳು ನೆಲಸಮವಾಗಿದ್ದವು, ಪಾದ್ರಿಗಳು ಗಡೀಪಾರಾಗಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಮರಳಿ ಬಂದು ಮತ್ತೆ ಇಗರ್ಜಿ ಕಟ್ಟಿದರು. ನಡುವಿನ ಹದಿನೈದು ವರ್ಷ ವಿಶ್ವಾಸ ಉಳಿದದ್ದು ಕುಟುಂಬಗಳ ಬಾಯಿಪಾಠದಲ್ಲಿ. ವಿಚಿತ್ರವೆಂದರೆ ಕೊರಿಯಾದ ಧರ್ಮಸಭೆ ತನ್ನ ಹುಟ್ಟನ್ನು ಗುರುತಿಸುವುದೂ ಅದೇ 1784ರಿಂದ. ಬೀಜಿಂಗಿನಲ್ಲಿ ದೀಕ್ಷಾಸ್ನಾನ ಪಡೆದು ಬಂದ ಯಿ ಸುಂಗ್‌ಹುನ್ ಎಂಬ ವಿದ್ವಾಂಸ ಊರಿಗೆ ಮರಳಿ ಗೆಳೆಯರಿಗೂ ದೀಕ್ಷೆ ಕೊಟ್ಟ. ಅವರ ನಡುವೆ ಮೊದಲ ಪಾದ್ರಿ ಕಾಲಿಡಲು ಸುಮಾರು ಹತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಧರ್ಮಸಭೆಯನ್ನು ನಡೆಸಿದವರು ಸಂಸಾರಿಗಳು.

ಈ ಹಳೆಯ ಏರ್ಪಾಡನ್ನು ಸಾಂಕ್ರಾಮಿಕ ನಿಜಕ್ಕೂ ಸೋಲಿಸಿದ್ದು ಸಾವಿನ ಮನೆಯಲ್ಲಿ. ಇಟಲಿಯ ಬೆರ್ಗಾಮೊದಲ್ಲಿ ಮಾರ್ಚ್ 18ರ ರಾತ್ರಿ ಸೇನೆಯ ಲಾರಿಗಳು ಶವಪೆಟ್ಟಿಗೆಗಳನ್ನು ಬೇರೆ ಊರುಗಳ ಚಿತಾಗಾರಗಳಿಗೆ ಸಾಗಿಸಿದವು. ಆ ಒಂದೇ ಧರ್ಮಪ್ರಾಂತ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಾದ್ರಿಗಳು ತೀರಿಕೊಂಡರು. ಸಾಯುವವರ ಬಳಿ ಗುರುವಿಲ್ಲ, ಮಕ್ಕಳಿಲ್ಲ, ಅಭ್ಯಂಗದ ಎಣ್ಣೆಯಿಲ್ಲ. ಪೋಪರ ಶುಭ ಶುಕ್ರವಾರದ ಶಿಲುಬೆ ಹಾದಿ ಆ ವರ್ಷ ಕೊಲೋಸಿಯಂ ಬಿಟ್ಟು ಸಂತ ಪೇತ್ರರ ಚೌಕಕ್ಕೆ ಬಂದಾಗ ಅದರ ಧ್ಯಾನಗಳನ್ನು ಬರೆದವರು ಪಾದುವಾ ಜೈಲಿನ ಸಮುದಾಯದವರು: ಕೈದಿಗಳು, ಕೈದಿಯ ತಾಯಿ, ಕೊಲೆಯಾದವಳ ಹೆತ್ತವರು, ಕಾವಲುಗಾರ. ಒಂಟಿತನ ಯಾರಿಗೆ ಗೊತ್ತೋ ಅವರಿಂದಲೇ ಬರೆಸಿದ ಆ ಆಯ್ಕೆ ಆ ತಪಸ್ಸು ಕಾಲದ ಅತ್ಯುತ್ತಮ ನಿರ್ಧಾರ.

2021ರ ಫೆಬ್ರುವರಿ 17ರ ವಿಭೂತಿ ಬುಧವಾರದ ಹೊತ್ತಿಗೆ ಚರ್ಚುಗಳು ತೆರೆದಿದ್ದವು. ಆದರೆ ಗುರು ಮಾಸ್ಕ್ ಧರಿಸಿ, ವಿಧಿವಾಕ್ಯವನ್ನು ಎಲ್ಲರಿಗೂ ಸೇರಿಸಿ ಒಮ್ಮೆ ಮಾತ್ರ ಹೇಳಿ, ಬೂದಿಯನ್ನು ತಲೆಯ ಮೇಲೆ ಉದುರಿಸಬೇಕೆಂದು ವ್ಯಾಟಿಕನ್ ಸೂಚಿಸಿತ್ತು. ಹಣೆಗೆ ಹಚ್ಚಿಸಿಕೊಂಡು ರೂಢಿಯಿದ್ದ ನಮ್ಮವರಿಗೆ ಅದು ವಿಚಿತ್ರವೆನಿಸಿತು. ರೋಮಿನವರಿಗೆ ಅದೇ ಹಳೆಯ ಪದ್ಧತಿ. ಹಿಂದಿನ ವರ್ಷದ ಗರಿಗಳನ್ನು ಸುಟ್ಟು ಈ ಬೂದಿ ಮಾಡುವುದು ವಾಡಿಕೆ. ಆ ಸಲ ಮರಳಿಸಲು ಎಷ್ಟು ಮನೆಗಳಲ್ಲಿ ತಾನೇ ಗರಿ ಇತ್ತು? ಏಪ್ರಿಲ್ 4ರ ಪಾಸ್ಖ ಮುಗಿದ ಕೆಲವೇ ವಾರಗಳಲ್ಲಿ ಎರಡನೇ ಅಲೆ ಬೆಂಗಳೂರನ್ನು ನುಂಗಿತು. ಬಂಧುಗಳೂ ಮುಟ್ಟಲಾಗದ ಶವಗಳಿಗೆ ಹೆಗಲು ಕೊಟ್ಟವರು ಪಿಪಿಇ ತೊಟ್ಟ ಸ್ವಯಂಸೇವಕರು. ಅವರಲ್ಲಿ ಕ್ರೈಸ್ತರಿದ್ದರು, ಮುಸ್ಲಿಮರಿದ್ದರು, ಹಿಂದೂಗಳಿದ್ದರು.

ಆಮೇಲೆ ಏನಾಯಿತೆಂದು ನೋಡಿದರೆ ಬೇಸರವೇ ಹೆಚ್ಚು. ಕ್ಯಾಮೆರಾ, ಟ್ರೈಪಾಡ್, ಧ್ವನಿವರ್ಧಕಗಳು ಉಳಿದುಕೊಂಡವು, ಜಾತ್ರೆ ಹಬ್ಬಗಳೆಲ್ಲ ಈಗ ನೇರ ಪ್ರಸಾರ. ಹಾಸಿಗೆ ಹಿಡಿದವರಿಗೆ ಅದು ವರವೇ, ಮುಂದುವರಿಯಲಿ. ಆದರೆ ವಾಡೊ ಸಭೆಗಳಿಗೆ ಬರುವವರು ಮತ್ತೆ ಅದೇ ನಾಲ್ಕಾರು ಹೆಂಗಸರು. ಗುರ್ಕಾರನ ಕೆಲಸವೆಂದರೆ ಮತ್ತೆ ಚಂದಾ ಎತ್ತುವುದು, ಹಬ್ಬದ ಪಾವತಿ ಹಂಚುವುದು. ಪಾದ್ರಿಯಿಲ್ಲದೆ ಸಾವಿನ ಮನೆಯಲ್ಲಿ ಪ್ರಾರ್ಥನೆ ನಡೆಸಲು, ಮನೆಯಲ್ಲೇ ಶುಭ ಶುಕ್ರವಾರ ಆಚರಿಸಲು ಯಾರಿಗೂ ತರಬೇತಿಯಿಲ್ಲ.

ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳು ಮುಂದಿನ ವಿಭೂತಿ ಬುಧವಾರಕ್ಕೆ ಮುಂಚೆ ಮೂರು ಕೆಲಸ ಮಾಡಲಿ. ಪ್ರತಿ ವಾಡೊದಲ್ಲಿ ಒಂಟಿಯಾಗಿರುವವರ, ರೋಗಿಗಳ ಪಟ್ಟಿ ಸಿದ್ಧವಾಗಲಿ. ಮನೆಯಲ್ಲಿ ನಡೆಸಬಹುದಾದ ಪವಿತ್ರ ವಾರದ ಪ್ರಾರ್ಥನೆಗಳು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚಾಗಿ ಮನೆ ಮನೆಗೆ ಹೋಗಲಿ. ವಾಡೊಗೆ ಇಬ್ಬರಂತೆ, ಅದರಲ್ಲೊಬ್ಬಳು ಹೆಂಗಸಿರುವಂತೆ, ಅಂತ್ಯಪ್ರಾರ್ಥನೆ ನಡೆಸಬಲ್ಲವರು ತಯಾರಾಗಲಿ. ಇದಕ್ಕೆ ರೋಮಿನ ಅಪ್ಪಣೆ ಬೇಕಿಲ್ಲ, ಹೆಚ್ಚು ಹಣವೂ ಬೇಕಿಲ್ಲ.